ನಾನು ಬರೀ ಬೋರ್ಡು, ಸ್ವಾಮಿ

ನಮ್ಮ ಸಣ್ಣ ಮಾಸಪತ್ರಿಕೆಯ ವೆಬ್‌ಸೈಟ್ ಇರುವುದು ಯಾವುದೋ ದೂರದ ಸರ್ವರಿನಲ್ಲಿ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ 'ದಿಸ್ ಪಿಸಿ' ತೆರೆದರೆ ಸಿ ಡ್ರೈವಿನ ಪಕ್ಕದಲ್ಲೇ ಝಡ್ ಡ್ರೈವ್ ಅಂತ ಒಂದು ಕೂತಿರುತ್ತದೆ. ಒಳಗೆ ಹೊಕ್ಕರೆ ಸೈಟಿನ ಅಷ್ಟೂ ಫೈಲುಗಳು, ನಮ್ಮನೆ ಅಟ್ಟದ ಮೇಲೆ ಜೋಡಿಸಿಟ್ಟ ಹಾಗೆ. ಹೋದ ವಾರ ಅದರ ಮೇಲೆ ಕೆಂಪು ಕತ್ತರಿ ಗುರುತು ಬಿತ್ತು. ಕ್ಲಿಕ್ ಮಾಡಿದೆ. ಮೇಲಿನ ವಿಳಾಸದ ಪಟ್ಟಿಯಲ್ಲಿ ಹಸಿರು ಗೆರೆಯೊಂದು ಬಸವನಹುಳುವಿನಂತೆ ಹೊರಟಿತು. ಅದು ಆಚೆ ತುದಿ ಮುಟ್ಟುವಷ್ಟರಲ್ಲಿ ಈ ಸಂದರ್ಶನ ಮುಗಿದಿತ್ತು.

ನಮಸ್ಕಾರ. ಡ್ರೈವ್ ಅವರೇ, ತಮ್ಮ ಪರಿಚಯ?

ಡ್ರೈವ್ ಅಂತ ಕರೆದು ನಾಚಿಕೆಪಡಿಸಬೇಡಿ. ತಿರುಗುವ ತಟ್ಟೆ ಇಲ್ಲ, ಚಿಪ್ಪಿಲ್ಲ, ನನ್ನ ಹತ್ತಿರ ಇರುವುದು ಒಂದು ಅಕ್ಷರ. ನಾನು ಬರೀ ಬೋರ್ಡು, ಸ್ವಾಮಿ. ನೀವು 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಒತ್ತಿದಿರಿ, ವಿಂಡೋಸ್ ಹಿಂದಿನಿಂದ ಎಣಿಸಿ ಖಾಲಿ ಇದ್ದ ಅಕ್ಷರವನ್ನು ನನ್ನ ಕೊರಳಿಗೆ ಕಟ್ಟಿತು. ಎ, ಬಿ ಎರಡೂ ಫ್ಲಾಪಿಗಳ ಆಸ್ತಿ. ಫ್ಲಾಪಿ ತೀರಿಕೊಂಡು ಎಷ್ಟೋ ವರ್ಷವಾದರೂ ಡಿಸ್ಕುಗಳ ಲೆಕ್ಕ ಇವತ್ತಿಗೂ ಸಿ ಇಂದಲೇ ಶುರು. ಸತ್ತವರಿಗಿರುವ ಮರ್ಯಾದೆ ದುಡಿಯುವವರಿಗಿಲ್ಲ.

ಬರೀ ಬೋರ್ಡು ಅನ್ನುತ್ತೀರಿ. ಹೊಟ್ಟೆಯಲ್ಲಿ 212 ಜಿಬಿ ಖಾಲಿ ಅಂತ ತೋರಿಸುತ್ತಿದ್ದೀರಲ್ಲ?

ಪಕ್ಕದ ಸಿ ಡ್ರೈವ್ ನೋಡಿ. ಅಲ್ಲೂ ಅದೇ 212! ನೀವು ಬಾಡಿಗೆಗೆ ಹಿಡಿದಿರುವುದು ಬರೀ 2 ಜಿಬಿ. ಸರ್ವರ್ ತನ್ನ ಜಾಗದ ಲೆಕ್ಕ ಬಾಯಿಬಿಟ್ಟು ಹೇಳದಿದ್ದರೆ ವಿಂಡೋಸ್ ನಿಮ್ಮ ಸಿ ಡ್ರೈವಿನ ಲೆಕ್ಕವನ್ನೇ ತಂದು ನನ್ನ ಹಣೆಗೆ ಅಂಟಿಸುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನನಗೇನು, ಹಣೆ ಇರುವುದೇ ಅಂಟಿಸಲಿಕ್ಕೆ.

ಹಾಗಾದರೆ ನನಗೆ ಕಾಣುವ ಆ ಹಳದಿ ಫೋಲ್ಡರುಗಳು?

ಚಿತ್ರ. ನೀವು ಒಂದರ ಮೇಲೆ ಎರಡು ಸಲ ಕುಟ್ಟುತ್ತೀರಿ. ನಾನು ಸರ್ವರಿನ ಬಾಗಿಲಿಗೆ ಓಡಿಹೋಗಿ 'ಪ್ರಾಪ್‌ಫೈಂಡ್' ಅಂತ ಕೂಗುತ್ತೇನೆ. ಒಳಗೆ ಏನೇನಿದೆ, ಯಾವುದು ಎಷ್ಟು ದಪ್ಪ, ಕೊನೆಯ ಸಲ ಯಾವಾಗ ಮುಟ್ಟಿದ್ದು ಹೇಳಿ ಅಂತ. ಸರ್ವರ್ ಮೇಲುಗಡೆ 207 ಅಂತ ಬರೆದ ಉದ್ದನೆಯ ಚೀಟಿ ಕೊಡುತ್ತದೆ. ಅದನ್ನು ಹೊತ್ತು ತಂದರೆ ಇಲ್ಲಿ ನಿಮಗೆ ಫೋಲ್ಡರು ಬರೆದು ತೋರಿಸುತ್ತಾರೆ. ನೀವು 'ನಿಧಾನ ಮಾರಾಯ' ಅಂತ ಬೈದು ಎಫ್ 5 ಒತ್ತುತ್ತೀರಿ. ನಾನು ಮತ್ತೆ ಮೊದಲಿನಿಂದ ಓಡುತ್ತೇನೆ.

ನಿಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಿ.

ವೆಬ್‌ಡ್ಯಾವ್ ಮನೆತನ. 1999ರ ಫೆಬ್ರವರಿಯಲ್ಲಿ ಇಂಟರ್‌ನೆಟ್ಟಿನ ನಿಯಮದ ಕಡತದಲ್ಲಿ ಆರ್‌ಎಫ್‌ಸಿ 2518 ಅಂತ ಜಾತಕ ಬರೆಸಿದರು, 2007ರಲ್ಲಿ 4918 ಅಂತ ತಿದ್ದಿಸಿದರು. ಅಜ್ಜನ ಆಸೆ ಇನ್ನೂ ಹಳೆಯದು. ಟಿಮ್ ಬರ್ನರ್ಸ್-ಲೀ 1990ರಲ್ಲಿ ಮಾಡಿದ ಮೊದಲ ಬ್ರೌಸರಿನಲ್ಲಿ ಪುಟ ಓದುವುದೂ ಆಗುತ್ತಿತ್ತು, ಅಲ್ಲೇ ತಿದ್ದುವುದೂ ಆಗುತ್ತಿತ್ತು. ಆಮೇಲೆ ಬಂದ ಬ್ರೌಸರುಗಳು ತಿದ್ದುವ ಕೈ ಕತ್ತರಿಸಿ ಓದುವ ಕಣ್ಣು ಮಾತ್ರ ಉಳಿಸಿಕೊಂಡವು. ಆ ಕೈಯನ್ನು ಮತ್ತೆ ಹೊಲಿಯಲು ಹುಟ್ಟಿದವರು ನಾವು. ಹೆಸರಿನ ಕೊನೆಯಲ್ಲಿರುವ 'ವಿ' ಅಂದರೆ ವರ್ಷನಿಂಗ್, ಹಳೆಯ ಪ್ರತಿಗಳನ್ನೆಲ್ಲ ಜೋಪಾನ ಮಾಡುವುದು. ಕೆಲಸ ಕಷ್ಟ ಅಂತ ಮೊದಲ ಜಾತಕದಲ್ಲಿ ಅದನ್ನೇ ಕೈಬಿಟ್ಟರು. ಹೆಸರು ಮಾತ್ರ ಹಾಗೇ ಉಳಿಯಿತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಫೈಲು ಸಾಗಿಸುವ ಆ ಹಳೆಯ ಎಫ್‌ಟಿಪಿ ನಿಮಗೆ ಏನಾಗಬೇಕು?

ದೊಡ್ಡಪ್ಪ. 1971ರಲ್ಲಿ ಎಂಐಟಿಯಲ್ಲಿ ಕೂತು ಆತನ ನಿಯಮ ಬರೆದವರು ಅಭಯ್ ಭೂಷಣ್, ಕಾನ್ಪುರ ಐಐಟಿಯ ಮೊದಲ ತಂಡದ ಹುಡುಗ. ದೊಡ್ಡಪ್ಪ ಕೆಲಸದಲ್ಲಿ ಗಟ್ಟಿಗ, ಬಾಯಿ ಮಾತ್ರ ಸಡಿಲ. ಪಾಸ್‌ವರ್ಡನ್ನು ಮುಚ್ಚದೆ ಬೀದಿಯಲ್ಲಿ ಕೂಗಿಕೊಂಡೇ ಹೋಗುತ್ತಿದ್ದ. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಆತನನ್ನು ಮನೆಯಿಂದ ಆಚೆ ಹಾಕಿದವು.

ಕನ್ನಡದ ಬಗ್ಗೆ ನಿಮಗೆ ಅಸಡ್ಡೆ ಅಂತ ದೂರಿದೆ.

ಅಸಡ್ಡೆಯೇ? ಸೊಂಟ ನೋವು ಅನ್ನಿ! 'ಕನ್ನಡ' ಅಂತ ಒಂದು ಫೋಲ್ಡರ್ ಮಾಡಿದಿರಿ. ನಿಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತಕ್ಷರ ಕೂಡಿಸುವ ಹಲಂತದ ಗುರುತೂ ಸೇರಿ ಐದು. ಒಂದೊಂದಕ್ಕೆ ಮೂರು ಬೈಟು, ಹದಿನೈದಾಯಿತು. ವೆಬ್ ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಗುರುತು ಹಾಕಿಕೊಂಡು ಮೂರು ಅಕ್ಷರವಾಗಿ ಹೋಗಬೇಕು. ಒಟ್ಟು 45! ನಿಮ್ಮ ಸಂಪಾದಕರೋ 'ದೀಪಾವಳಿ ವಿಶೇಷಾಂಕ ಕೊನೆಯ ಪ್ರೂಫ್ ನಿಜವಾಗಲೂ ಕೊನೆಯದು' ಅಂತ ಹೆಸರಿಡುತ್ತಾರೆ. ಹೊರುವವನಿಗೆ ಗೊತ್ತು.

ಅದೇ ವಿಶೇಷಾಂಕದ 62 ಎಂಬಿ ಪಿಡಿಎಫ್ ತೆರೆಯಲು ಹೋದರೆ ನೀವು ತಂದುಕೊಡಲಿಲ್ಲ.

ಆಚೆಯಿಂದ ಈಚೆಗೆ ತರುವಾಗ ವಿಂಡೋಸ್ ನನಗೆ ಹಾಕಿರುವ ಮಿತಿ ಐದು ಕೋಟಿ ಬೈಟು, ಅಂದರೆ ಹತ್ತಿರ ಹತ್ತಿರ 48 ಎಂಬಿ. ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ತಿದ್ದಿದರೆ 4 ಜಿಬಿಯ ತನಕ ಹೊರುತ್ತೇನೆ. ರಿಜಿಸ್ಟ್ರಿ ಅಂದರೆ ನೀವು ಕಣ್ಣು ಮುಚ್ಚಿಕೊಳ್ಳುತ್ತೀರಿ. ನಾನೇನು ಮಾಡಲಿ?

ಈಗ ನನ್ನ ಸಂಕಟದ ಪ್ರಶ್ನೆ. 'ಹಳೇದು' ಅಂತ ಒಂದು ಫೋಲ್ಡರ್ ಇತ್ತು. ಹತ್ತು ವರ್ಷದ ವ್ಯಂಗ್ಯಚಿತ್ರಗಳು...

ಗೊತ್ತು. ಆವತ್ತು ನಿಮ್ಮ ಎಡಗೈಯಲ್ಲಿ ಕಾಫಿ ಲೋಟ, ಬಲಗೈ ಡಿಲೀಟ್ ಕೀಲಿಯ ಮೇಲೆ. 'ಶಾಶ್ವತವಾಗಿ ಅಳಿಸಲೇ?' ಅಂತ ಕಿಟಕಿ ಬಂತು. ನೀವು ಓದಲಿಲ್ಲ, ಎಂಟರ್ ಒತ್ತಿದಿರಿ. ಆಮೇಲೆ ರೀಸೈಕಲ್ ಬಿನ್ ತೆರೆದು ಹತ್ತು ನಿಮಿಷ ಕೆದಕಿದಿರಿ. ಆ ಬುಟ್ಟಿ ಇರುವುದು ನಿಮ್ಮ ಮನೆಯ ಕಸಕ್ಕೆ. ನನ್ನಲ್ಲಿ ಅಳಿಸಿದ್ದು ಆ ಬುಟ್ಟಿಗೆ ಬೀಳುವುದಿಲ್ಲ, ಅಲ್ಲಿ ಸರ್ವರಿನಲ್ಲೇ ಮಣ್ಣಾಗುತ್ತದೆ.

ನೋಡಲು ಮಾತ್ರ ಸಿ ಡ್ರೈವ್ ತರಹವೇ ಇದ್ದಿರಲ್ಲ!

ಅದೇ ನನ್ನ ಉದ್ಯೋಗ. ವೇಷ ಕಟ್ಟಿಸಿದವರು ನೀವು, ಸಂಬಂಧ ಹುಡುಕುವವರೂ ನೀವು. ಬ್ರೌಸರಿನಲ್ಲಿ ಬಳಸು ದಾರಿ ಹಿಡಿದು ಹೋಗಿದ್ದರೆ ಹೆದರಿ ಹೆದರಿ ಕೈಯಿಡುತ್ತಿದ್ದಿರಿ. ಅಟ್ಟ ಅಂದುಕೊಂಡಿರಿ, ಗುಡಿಸಿಬಿಟ್ಟಿರಿ. ಅಂದ ಹಾಗೆ, ನೀವು ಆಮೇಲೆ ಫೋನ್ ಮಾಡಿ ಬೈದದ್ದು ಹೋಸ್ಟಿಂಗ್‌ನವರನ್ನು. ಪಾಪ, ಅವರು ಏನು ಮಾಡಿದ್ದರು?

(ನಾನು ಗಂಟಲು ಸರಿಮಾಡಿಕೊಂಡು) ಮುಂದಿನ ಯೋಜನೆಗಳು?

ಯೋಜನೆ ಎಲ್ಲಿ ಬಂತು? ವಿಂಡೋಸಿನಲ್ಲಿ ನನ್ನನ್ನು ಹೊತ್ತು ತಿರುಗುವ ವೆಬ್‌ಕ್ಲೈಂಟ್ ಸೇವೆಗೆ 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ನಿವೃತ್ತಿಯ ನೋಟಿಸು ಕೊಟ್ಟಿದೆ. ಈಗ ಅದು ತಾನಾಗಿ ಏಳುವುದಿಲ್ಲ, ಎಬ್ಬಿಸಬೇಕು. ಲಿನಕ್ಸಿನವರು ಎಸ್‌ಎಸ್‌ಎಚ್‌ಎಫ್‌ಎಸ್ ಅಂತ ಇನ್ನೊಬ್ಬನನ್ನು ಇಟ್ಟುಕೊಂಡಿದ್ದಾರೆ. ಅವನೂ ಬೋರ್ಡೇ. ಪಾಸ್‌ವರ್ಡ್ ವಿಷಯದಲ್ಲಿ ಬಾಯಿ ಬಿಗಿ, ಅಷ್ಟು ಒಪ್ಪುತ್ತೇನೆ.

ಕೊನೆಯದಾಗಿ, ಈ ಸಂದರ್ಶನವನ್ನು ನಿಮ್ಮಲ್ಲೇ ಉಳಿಸಿಡೋಣ ಅಂತಿದ್ದೇನೆ.

ಆಗುವುದಿಲ್ಲ. 423. ಫೈಲಿಗೆ ಬೀಗ ಬಿದ್ದಿದೆ. ಬೇರೆ ಯಾರೋ ತೆರೆದಿಟ್ಟುಕೊಂಡಿದ್ದಾರೆ.

ನನ್ನ ಫೈಲನ್ನೇ? ಯಾರದು?

ನೀವೇ. ಮಧ್ಯಾಹ್ನ ಊಟಕ್ಕೆ ಏಳುವಾಗ ಲ್ಯಾಪ್‌ಟಾಪ್ ಮುಚ್ಚಿದಿರಲ್ಲ, ಆಗಿನವರು.