ರೀಸ್ಟಾರ್ಟ್ ಮಾಡಿ ಸಾರ್!

ಕಚೇರಿಯ ಕಂಪ್ಯೂಟರಿನ ನಿಜವಾದ ಯಜಮಾನ ಯಾರೆಂಬುದು ವಾಲ್‌ಪೇಪರ್ ಬದಲಿಸಲು ಹೋದ ದಿನ ಗೊತ್ತಾಗುತ್ತದೆ. ಪರದೆಯ ಮೇಲೆ ಯಾವ ಚಿತ್ರ, ಪಾಸ್‌ವರ್ಡಿಗೆ ಎಷ್ಟು ಅಕ್ಷರ, ಪೆನ್‌ಡ್ರೈವ್ ಚುಚ್ಚಬಹುದೋ ಬಾರದೋ, ಎಲ್ಲವೂ ಡೊಮೈನ್ ಕಂಟ್ರೋಲರ್ ಎಂಬ ಸಾಹೇಬರ ಅಪ್ಪಣೆ. ವಿಂಡೋಸ್ 2000ದ ಜೊತೆ ಬಂದ ಈ ದರ್ಬಾರಿಗೆ ಗ್ರೂಪ್ ಪಾಲಿಸಿ ಎಂದು ಹೆಸರು. ಸಾವಿರ ಯಂತ್ರಗಳಿಗೆ ಒಂದೇ ಕಡೆಯಿಂದ ಹುಕುಂ. ಹುಕುಂ ತಲುಪಬೇಕಾದರೆ ನೆಟ್‌ವರ್ಕ್ ಎದ್ದಿರಬೇಕು ಅಷ್ಟೇ. ತೊಂದರೆಯೆಲ್ಲ ಆ 'ಅಷ್ಟೇ'ಯಲ್ಲಿದೆ.

ಜನಕ್ಕೆ ಕಾಯುವ ತಾಳ್ಮೆಯಿಲ್ಲವೆಂದು ವಿಂಡೋಸ್ ಎಕ್ಸ್‌ಪಿ ಕಾಲಕ್ಕೇ ತೀರ್ಮಾನವಾಯಿತು. ನೆಟ್‌ವರ್ಕ್ ಬರಲಿ ಬಿಡಲಿ, ಬಳಕೆದಾರರನ್ನು ಒಳಗೆ ಬಿಟ್ಟುಬಿಡುವುದು, ಅಪ್ಪಣೆಗಳನ್ನು ಹಿಂದಿನಿಂದ ನಿಧಾನವಾಗಿ ಜಾರಿ ಮಾಡುವುದು. ಹಳೆಯ ಪಾಸ್‌ವರ್ಡಿನ ನೆನಪು ಯಂತ್ರದಲ್ಲೇ ಇರುವುದರಿಂದ ಲಾಗಿನ್ ಸಲೀಸು. ಆದರೆ ಸಾಫ್ಟ್‌ವೇರ್ ಹಾಕುವಂಥ ಕೆಲಸ ಹೀಗೆ ಹಿಂಬಾಗಿಲಿನಿಂದ ಆಗುವುದಿಲ್ಲ. ಅದಕ್ಕೆ ಎರಡು ಮೂರು ಸಲ ಎದ್ದು ಕೂರಬೇಕು. ಜಾಣ ಅಡ್ಮಿನ್‌ಗಳು ಇದಕ್ಕೂ ಒಂದು ಪಾಲಿಸಿ ಜಾರಿ ಮಾಡುತ್ತಾರೆ: 'ನೆಟ್‌ವರ್ಕ್ ಬರುವ ತನಕ ಕಾಯತಕ್ಕದ್ದು.' ಈ ಆಜ್ಞೆ ಬರಬೇಕಾದದ್ದೂ ಅದೇ ನೆಟ್‌ವರ್ಕಿನಲ್ಲಿ ಎಂಬುದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಬಂತು ಎಂದೇ ಇಟ್ಟುಕೊಳ್ಳಿ. ಯಂತ್ರ ಎಷ್ಟು ಕಾಯುತ್ತದೆ? ವಿಸ್ಟಾ ಕಾಲದಿಂದ ಮಾಮೂಲಿ ಗಡುವು 30 ಸೆಕೆಂಡ್. ಈಗ ಗೋಡೆಯಾಚೆಯ ಸ್ವಿಚ್ಚಿನ ಕಡೆ ಬನ್ನಿ. ಸ್ಪ್ಯಾನಿಂಗ್ ಟ್ರೀ ಎಂಬ ಹಳೆಯ ಸಂಪ್ರದಾಯ ಪಾಲಿಸುವ ಪೋರ್ಟು, ಕಂಪ್ಯೂಟರ್ ಕಂಡೊಡನೆ ಬಾಗಿಲು ತೆರೆಯುವುದಿಲ್ಲ. ಈ ಕಡೆಯಿಂದ ಜಾಲದಲ್ಲಿ ಸುತ್ತು ಬಿದ್ದು ಗದ್ದಲವಾದೀತೇ ಎಂದು 15 ಸೆಕೆಂಡ್ ಕಿವಿಗೊಡುತ್ತದೆ, ಮತ್ತೆ 15 ಸೆಕೆಂಡ್ ಪಾಠ ಕಲಿಯುತ್ತದೆ. ಒಟ್ಟು 30. ಇವನು ಬೇಸತ್ತು ಎದ್ದು ಹೋಗುವ ಹೊತ್ತಿಗೆ ಸರಿಯಾಗಿ ಅವನು ಅಗುಳಿ ತೆಗೆಯುತ್ತಾನೆ. ಐಪಿ ವಿಳಾಸ ಕೇಳಿ ಪಡೆಯುವ ಕೆಲಸ ಇನ್ನೂ ಆಮೇಲಿನದು. ಎತ್ತು ಏರಿಗೆ, ಕೋಣ ನೀರಿಗೆ.

ಕಂಪ್ಯೂಟರ್ ನಿಧಾನವೆಂದು ದೂರು ಹೋದಾಗ ಆಡಳಿತ ಮಂಡಳಿ ಉದಾರವಾಗಿ ಎಸ್‌ಎಸ್‌ಡಿ ಹಾಕಿಸುತ್ತದೆ. ಯಂತ್ರ ಇನ್ನೂ ಬೇಗ ಏಳುತ್ತದೆ, ಅಪ್ಪಣೆಯನ್ನು ಇನ್ನೂ ಖಚಿತವಾಗಿ ತಪ್ಪಿಸಿಕೊಳ್ಳುತ್ತದೆ. ದುಡ್ಡು ಕೊಟ್ಟು ರೋಗ ಹೆಚ್ಚಿಸಿಕೊಳ್ಳುವ ವಿದ್ಯೆ ಆಸ್ಪತ್ರೆಗಳಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ.

ಇನ್ನು ಹೆಲ್ಪ್‌ಡೆಸ್ಕ್. ಅಲ್ಲಿಂದ ಬರುವ ಮಂತ್ರ ಒಂದೇ, "ರೀಸ್ಟಾರ್ಟ್ ಮಾಡಿ ಸಾರ್!" ಅಂದರೆ ಸೋತ ಓಟವನ್ನೇ ಮತ್ತೆ ಓಡಿ. ಹಟ ಹಿಡಿದರೆ ಹುಡುಗನೊಬ್ಬ ಬಂದು ಕಪ್ಪು ಕಿಟಕಿ ತೆರೆದು 'ಜಿಪಿಅಪ್‌ಡೇಟ್ ಫೋರ್ಸ್' ಒತ್ತುತ್ತಾನೆ. ನೆಟ್‌ವರ್ಕ್ ಎದ್ದು ತಾಸು ಕಳೆದಿದೆ, ಯಶಸ್ಸು ಸಿಗದೆ ಇನ್ನೇನು? ಟಿಕೆಟ್ ಬಂದ್. ಬಾಕಿ ಉಳಿದ ಸಾಫ್ಟ್‌ವೇರಿಗೆ ರೀಸ್ಟಾರ್ಟ್ ಬೇಕು ಎಂದು ಅದೇ ಕಪ್ಪು ಕಿಟಕಿ ಕೇಳುತ್ತದೆ. ಮಾಡಿದರೆ ಮತ್ತೆ ಅದೇ 30 ಸೆಕೆಂಡ್. ಸರ್ವರ್ ತಂಡ ನೆಟ್‌ವರ್ಕ್ ತಂಡದ ಕಡೆ ಬೆರಳು ತೋರಿಸುತ್ತದೆ. ನೆಟ್‌ವರ್ಕ್ ತಂಡ ಹಸಿರು ದೀಪ ತೋರಿಸುತ್ತದೆ. ದೀಪ ಹತ್ತಿದ್ದಕ್ಕೂ ದಾರಿ ತೆರೆದದ್ದಕ್ಕೂ ನಡುವೆ ಅರ್ಧ ನಿಮಿಷ ಇದೆಯೆಂದು ಹೇಳುವವರು ಆ ಮೀಟಿಂಗಿನಲ್ಲಿ ಇರುವುದಿಲ್ಲ.

ವಿಚಿತ್ರವೆಂದರೆ ತಪ್ಪೊಪ್ಪಿಗೆ ಪತ್ರ ಯಂತ್ರದೊಳಗೇ ಇರುತ್ತದೆ. ಡೊಮೈನ್ ಕಂಟ್ರೋಲರ್ ಸಿಗದೆ ಪಾಲಿಸಿ ಜಾರಿಯಾಗಲಿಲ್ಲ ಎಂದು ಇವೆಂಟ್ ಲಾಗ್‌ನಲ್ಲಿ 1129 ಎಂಬ ನಂಬರ್ ಹಾಕಿ, ಗಂಟೆ ನಿಮಿಷ ಸಮೇತ ಬರೆದಿಟ್ಟಿರುತ್ತದೆ. ಪಕ್ಕದಲ್ಲೇ ನೆಟ್‌ಲಾಗನ್‌ನ 5719 ಸಾಕ್ಷಿ ಹೇಳುತ್ತಿರುತ್ತದೆ.

ಆದ್ದರಿಂದ ಐಟಿ ಮಹಾಶಯರೇ, ನಾಳೆ ಬೆಳಿಗ್ಗೆ ರೀಸ್ಟಾರ್ಟ್ ಎನ್ನುವ ಮೊದಲು ಆ ಲಾಗ್ ಒಮ್ಮೆ ಓದಿ. ಆ ನಂಬರುಗಳು ಕಂಡರೆ ಕಂಪ್ಯೂಟರ್ ಕೂರುವ ಪೋರ್ಟುಗಳಿಗೆ, ಕಂಡೊಡನೆ ಬಾಗಿಲು ತೆರೆಯುವ ಪೋರ್ಟ್‌ಫಾಸ್ಟ್ ಹಾಕಿಸಿ, ಕಾಯುವ ಗಡುವನ್ನು 30ರಿಂದ ಮೇಲೇರಿಸಿ. ವಾಲ್‌ಪೇಪರ್ ವಿಷಯ ಆಮೇಲೆ ಜಗಳವಾಡೋಣ.