ಲಗ್ನಕ್ಕ ನಾಯಿನೂ ಬರತೈತ್ರಿ

2023ರ ಜನವರಿ 19ರಂದು ಮುಂಬೈಯ ಆಂಟಿಲಿಯಾದಲ್ಲಿ ಅನಂತ್ ಅಂಬಾನಿ ಮತ್ತು ರಾಧಿಕಾ ಮರ್ಚಂಟ್ ಅವರ ನಿಶ್ಚಿತಾರ್ಥ ನಡೆದಾಗ ಉಂಗುರ ತಂದುಕೊಟ್ಟವನು ಸೋದರಮಾವನಲ್ಲ, ಹ್ಯಾಪಿ ಎಂಬ ಗೋಲ್ಡನ್ ರಿಟ್ರೀವರ್. ಮನೆಯ ನಾಯಿ ವೇದಿಕೆಯತ್ತ ಓಡಿಬಂದ ಆ ವಿಡಿಯೊ ದೇಶದ ಮೊಬೈಲುಗಳನ್ನೆಲ್ಲ ಸುತ್ತಿ ಹಾಕಿತು. ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನ ಕಟ್ಟೆಯ ಮೇಲೆ ಅದನ್ನು ನೋಡುವ ಹಿರಿಯರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಬೇರೆ.

"ಎಷ್ಟ ತೊಲಿದಿತ್ತೋ ತಮ್ಮಾ ಉಂಗರಾ? ನಾಯಿ ನುಂಗಿದ್ದರ ಏನ ಮಾಡವರಿದ್ರು?"

"ಅವರಿಗೇನ ಬಿಡೋ ಅಜ್ಜಾ, ಇನ್ನೊಂದ ತರಸತಾರ."

"ಉಂಗರಾ ತರಸತಾರಪಾ, ಮುಹೂರ್ತ ಯಾರ ತರಸವರು?"

ಅಜ್ಜನ ಚಿಂತೆಗೆ ಕಾರಣವಿದೆ. ನಾಯಿಯನ್ನು ಮದುವೆಯಲ್ಲಿ ಸೇರಿಸಿಕೊಳ್ಳುವುದು ಹೇಗೆ ಎಂದು ಪಟ್ಟಣದ ಜೋಡಿಗಳು ಈಗ ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ಹಳ್ಳಿಯಲ್ಲಿ ತಲೆಮಾರುಗಳಿಂದ ತಲೆ ಕೆಡಿಸಿಕೊಂಡದ್ದು ಅದನ್ನು ಹೊರಗಿಡುವುದು ಹೇಗೆ ಎಂದು. ಇಲ್ಲಿನ ನಾಯಿ ಯಾವ ಲಗ್ನಪತ್ರಿಕೆಗೂ ಕಾದದ್ದಿಲ್ಲ. ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೋಗಿ ರೊಕ್ಕ ಕೈಗೆ ಬಂದ ಮೇಲೆ ಮನೆಯೊಳಗೆ ಲಗ್ನದ ಮಾತು ಏಳುತ್ತದೆ. ಅಂಗಳದಲ್ಲಿ ಹಂದರ ಏಳುವ ಹೊತ್ತಿಗೆ ಓಣಿಯ ನಾಯಿಗಳಿಗೆಲ್ಲ ಸುದ್ದಿ ಮುಟ್ಟಿರುತ್ತದೆ.

ಹಂದರಕ್ಕಿಂತ ಮೊದಲು ಹಾಲಗಂಬ. ಮುತ್ತೈದೆಯರು ಪೂಜೆ ಮಾಡಿ, ಅರಿಶಿಣ ಕುಂಕುಮ ಹಚ್ಚಿ, ಹಾಲು ತುಪ್ಪ ಹಾಕಿ ನಿಲ್ಲಿಸುವ ಈ ಹಸಿಯ ಕಂಬ ಮದುವೆಮನೆಯ ದೇವರಿದ್ದ ಹಾಗೆ. ನಾಯಿಯ ಕಣ್ಣಿಗೆ ಅದು ನಿನ್ನೆ ಇಲ್ಲದ, ಇವತ್ತು ಎದ್ದು ನಿಂತ ಕಂಬ. ಕಂಬ ಕಂಡರೆ ನಾಯಿಯ ಕುಲಾಚಾರ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅದು ಹತ್ತಿರ ಬಂದು, ಮೂಸಿ, ಒಂದು ಸುತ್ತು ಹಾಕಿ, ಹಿಂಗಾಲು ಎತ್ತಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅಡುಗೆಮನೆಯಿಂದ ಅತ್ತಿಯೊಬ್ಬಳು "ಹಚಾ!" ಎಂದು ಕೂಗುತ್ತಾಳೆ. ಆಮೇಲೆ ಹುಡುಗನೊಬ್ಬನಿಗೆ ಕೋಲು ಕೊಟ್ಟು ಕೂಡಿಸಲಾಗುತ್ತದೆ. ಮದುವೆಯಲ್ಲಿ ಊಟಕ್ಕೆ ಮೊದಲೇ ಅಧಿಕಾರ ಸಿಗುವ ಏಕೈಕ ಹುದ್ದೆ ಅದು. ಹುಡುಗನಿಗೆ ನಿದ್ದೆ ಬಂದ ಮೇಲೆ ಕಂಬದ ಬುಡದಲ್ಲಿ ಏನಾಯಿತು ಎಂದು ಯಾವ ಬೀಗರೂ ಕೇಳುವುದಿಲ್ಲ.

ಹೀಗೆ ಗದರಿಸುವ ಸೀಮೆಯ ಜನರೇ ಭರತ ಹುಣ್ಣಿಮೆ ಬಂತೆಂದರೆ ಕಾರ್ಣಿಕ ಕೇಳಲು ಮೈಲಾರಕ್ಕೆ ಹೋಗುತ್ತಾರೆ. ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೂ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೂ ಧಾರವಾಡ ಕಡೆಯ ಒಕ್ಕಲು ದೊಡ್ಡದು. ಆ ಎರಡೂ ಕಡೆಯ ದೇವರ ಜೊತೆ ನಾಯಿ ಇದೆ. ಕರಿ ಕಂಬಳಿ ಹೊದ್ದ ಗೊರವಯ್ಯಗಳು ದೋಣಿ ಸೇವೆಯಲ್ಲಿ ನಾಯಿಯಂತೆ ಬೊಗಳುತ್ತಾರೆ, ದೋಣಿಯೆಂಬ ಪಾತ್ರೆಗೆ ಹಾಕಿದ ಹಾಲು ಬಾಳೆಹಣ್ಣನ್ನು ನಾಯಿಯಂತೆಯೇ ಕಿತ್ತಾಡಿ ಬಾಯಿ ಹಾಕಿ ತಿನ್ನುತ್ತಾರೆ. ಮನುಷ್ಯ ನಾಯಿಯಾಗಿ ಉಂಡರೆ ಮನೆಮಂದಿ ಕೈಮುಗಿಯುತ್ತಾರೆ, ನಾಯಿಯೇ ಬಂದು ಉಣ್ಣಲು ನೋಡಿದರೆ ಕೋಲು ಬೀಸುತ್ತಾರೆ. ನಾಯಿಗೆ ಈ ಲೆಕ್ಕ ಇನ್ನೂ ತಿಳಿದಿಲ್ಲ. ತಿಳಿದಿದ್ದರೆ ಅದೂ ಒಂದು ಕಂಬಳಿ ಹೊದ್ದು ಬರುತ್ತಿತ್ತು.

ಕನ್ನಡನಾಡಿನ ನಾಯಿಯ ಮಾನ ಮರ್ಯಾದೆ ತಿಳಿಯಬೇಕಾದರೆ ಒಂದು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನ ಅದನ್ನು ಹೇಳುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಆ ಕಾಳಗದಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ದೊರೆಯ ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಅದೇ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು, ಕಲ್ಲಿಗೆ ಪೂಜೆ ಮಾಡದೆ ಉಂಡವನಿಗೆ ನಾಯಿಯ ಪಾಪ ಅಂಟುತ್ತದೆ ಎಂದು ಬರೆಸಿದರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದರೂ ಮಾತುಕತೆಗೆ ಕೂತಾಗ ಬುಲೆಟ್ ಗಾಡಿ ಕೇಳುವ ವರಗಳು ಇನ್ನೂ ಇದ್ದಾರೆ. ಅವರನ್ನು ಮೊದಲು ಈ ಕಲ್ಲಿನ ಮುಂದೆ ತಂದು ನಿಲ್ಲಿಸಬೇಕು. ಬೇಕಾದ್ದು ಕೇಳೆಂದಾಗ ನಾಯಿ ಕೇಳಿ ಸುಮ್ಮನಾದವನು ಎಂಥ ಅಳಿಯನಾಗಿದ್ದಾನು!

ಕುಬಿಹಾಳದಲ್ಲಿ ಇವತ್ತಿನ ಮದುಮಗ ತನ್ನ ನಾಯಿಯನ್ನು ಅಕ್ಕಿಕಾಳಿನ ಹೊತ್ತಿಗೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕೆಂದರೆ ಎದುರಾಗುವ ತೊಡಕು ಶಾಸ್ತ್ರದ್ದಲ್ಲ. ಮೂಗಿನದು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಸುಮಾರು 60 ಲಕ್ಷ, ನಾಯಿಯ ಮೂಗಿನಲ್ಲಿ 30 ಕೋಟಿಯವರೆಗೆ ಎಂದು ಲೆಕ್ಕ. ನಾಯಿ ಒಡೆಯನ ಗುರುತು ಹಿಡಿಯುವುದರಲ್ಲಿ ಮೂಗಿನ ಪಾಲೇ ದೊಡ್ಡದು. ನಿನ್ನೆಯವರೆಗೆ ಹೊಲ, ಟ್ರ್ಯಾಕ್ಟರ್ ಮತ್ತು ಬೆವರು ಸೇರಿ ಒಂದು ವಾಸನೆ ಇದ್ದವನಿಗೆ ಇವತ್ತು ಮೈತುಂಬ ಅರಿಶಿಣ ಹಚ್ಚಿ, ಸುರಗಿ ಸುತ್ತಿ ನೀರೆರೆದು, ಗೆಳೆಯರು ಅರ್ಧ ಬಾಟಲಿ ಸೆಂಟು ಹೊಡೆದಿರುತ್ತಾರೆ. ಹೊಸ ಶರಟು, ಹೊಸ ಧೋತರ, ಹೆಗಲ ಮೇಲೆ ಶಲ್ಯ. ಇದ್ದಬದ್ದ ಮುಖವನ್ನೂ ಬಾಸಿಂಗ ಮುಚ್ಚಿರುತ್ತದೆ. ಐದು ವರ್ಷ ರೊಟ್ಟಿ ಹಾಕಿದ ಒಡೆಯ ಎದುರಿಗೆ ನಿಂತರೂ ನಾಯಿ ಎರಡು ಹೆಜ್ಜೆ ಹಿಂದೆ ಸರಿದು ಗುರ್ ಅನ್ನುತ್ತದೆ. ಬೀಗರ ಮುಂದೆ ಮದುಮಗನ ಮರ್ಯಾದೆ ಅಲ್ಲಿಗೆ ಮುಗಿಯಿತು. "ನಾಯಿನ ಗುರತ ಹಿಡೀಲಿಲ್ಲ, ನಮ್ಮ ಹುಡುಗಿ ಹೆಂಗ ಹಿಡೀತೈತಿ?" ಎಂದು ಬೀಗತಿ ಪಿಸುಗುಟ್ಟದೆ ಬಿಡುವುದಿಲ್ಲ. ಬಾಸಿಂಗದ ಸಂದಿಯಿಂದ ಅವನು ಮೆಲ್ಲಗೆ ಹೆಸರು ಹಿಡಿದು ಕರೆದ ಮೇಲೆಯೇ ಬಾಲ ಅಲ್ಲಾಡುವುದು. ಅಲ್ಲಾಡಿದ ಮರುಗಳಿಗೆ ಎರಡೂ ಮುಂಗಾಲು ಬಿಳಿ ಶಲ್ಯದ ಮೇಲೆ. ಹಿಂದಿನ ಸಂಜೆ ಅಡ್ಡಮಳೆ ಬಿದ್ದಿದ್ದರೆ ಎರಿಮಣ್ಣಿನ ಅಚ್ಚು ಫೋಟೊ ಆಲ್ಬಂನ ಕೊನೆಯ ಪುಟದವರೆಗೂ ಜೊತೆಗೆ ಬರುತ್ತದೆ.

ಮೂಗಾದ ಮೇಲೆ ಕಿವಿ. ಮನುಷ್ಯನಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ದನಿ ಕೇಳಿಸುತ್ತದೆ, ನಾಯಿಗೆ 45,000ದ ಆಸುಪಾಸಿನವರೆಗೆ. ಬ್ಯಾಂಜೊ ಪಾರ್ಟಿ ಹೋಗಿ ಡಿಜೆ ಬಂದ ಮೇಲೆ ಮೆರವಣಿಗೆಯಲ್ಲಿ ಮನುಷ್ಯರ ಎದೆಗೂಡೇ ನಡುಗುತ್ತದೆ, ಇನ್ನು ಆ ಕಿವಿಯ ಗತಿ ಏನು? ಪೆಟ್ಟಿಗೆ ಹೊತ್ತ ಟ್ರ್ಯಾಕ್ಟರ್ ಓಣಿಗೆ ತಿರುಗಿದ ಕೂಡಲೇ ನಾಯಿ ಹೊರಸಿನ ಕೆಳಗೆ ಸೇರುತ್ತದೆ, ಮನೆಯ ಹಿರಿಯಜ್ಜಿ ಹೊರಸಿನ ಮೇಲೆ ಕಿವಿಗೆ ಸೆರಗು ಒತ್ತಿಕೊಂಡು ಮಲಗುತ್ತಾಳೆ. ಇಡೀ ಮದುವೆಯಲ್ಲಿ ಒಮ್ಮತವಿರುವ ಇಬ್ಬರೆಂದರೆ ಅವರೇ.

ಸಂಗೀತದ ವಿಷಯದಲ್ಲಿ ಕುಂದಗೋಳ ಸೀಮೆಯ ನಾಯಿಗೆ ಇನ್ನೂ ಒಳ್ಳೆಯ ದಿನಗಳಿದ್ದವು. ಸವಾಯಿ ಗಂಧರ್ವರ ಊರು ಇದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದದ್ದು ಇಲ್ಲಿಗೇ. ಗಂಗೂಬಾಯಿಯವರ ಮೊದಲ ಗ್ರಾಮಫೋನ್ ತಟ್ಟೆಗಳನ್ನು 1930ರ ದಶಕದಲ್ಲಿ ತಂದದ್ದು ಎಚ್‌ಎಂವಿ. ತಟ್ಟೆಯ ನಡುವೆ ಕಹಳೆಯ ಮುಂದೆ ತಲೆ ಓರೆ ಮಾಡಿ ಕೂತ ನಾಯಿ. ಅದರ ಹೆಸರು ನಿಪ್ಪರ್. 1895ರಲ್ಲೇ ಸತ್ತಿದ್ದ ಆ ನಾಯಿಯನ್ನು ಒಡೆಯನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬರೌಡ್, ನೆನಪಿನಿಂದ ಬರೆದದ್ದು. ಮುಂದೆ ಹಳ್ಳಿಯ ಮದುವೆಗಳಿಗೆ ಲೌಡ್‌ಸ್ಪೀಕರ್ ಮತ್ತು ತಟ್ಟೆಗಳ ಪೆಟ್ಟಿಗೆ ಬಾಡಿಗೆಗೆ ಬರುತ್ತಿದ್ದ ಕಾಲದಲ್ಲಿ ನಿಮಿಷಕ್ಕೆ 78 ಸುತ್ತು ಹಾಕುತ್ತ, ಯಾರಿಂದಲೂ "ಹಚಾ" ಅನ್ನಿಸಿಕೊಳ್ಳದೆ ಹಂದರದೊಳಗೆ ಕೂತಿದ್ದ ನಾಯಿ ಅದೊಂದೇ.

ಇನ್ನು ಊಟ. ಪಂಕ್ತಿ ಎಷ್ಟೊತ್ತಿಗೆ ಏಳುತ್ತದೆ, ಎಲೆ ಎಲ್ಲಿ ಬೀಳುತ್ತದೆ ಎಂಬ ವಿಷಯದಲ್ಲಿ ಓಣಿಯ ನಾಯಿಗಿರುವ ಜ್ಞಾನ ಬಡಿಸುವವರಿಗೂ ಇಲ್ಲ. ಸಾಕಿದ ನಾಯಿಯ ಪಾಡು ಬೇರೆ, ಅದಕ್ಕೆ ಎಲ್ಲರೂ ಪ್ರೀತಿಯಿಂದ ಹಾಕುತ್ತಾರೆ. ಕಾಕಾ ಶಿರಾ ಹಾಕುತ್ತಾನೆ, ಅದರಲ್ಲಿ ಒಣದ್ರಾಕ್ಷಿ. ಚಿಗವ್ವ ಉಳ್ಳಾಗಡ್ಡಿ ಹಾಕಿದ ಬದನಿಕಾಯಿ ಪಲ್ಯೆ ಕಲಸುತ್ತಾಳೆ. ಹುಡುಗರು ಚಾಕೊಲೇಟ್ ಬಾಯಿಗಿಡುತ್ತಾರೆ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ, ಉಳ್ಳಾಗಡ್ಡಿ ರಕ್ತದ ಕೆಂಪುಕಣ ಒಡೆಯುತ್ತದೆ, ಚಾಕೊಲೇಟ್ ಹೃದಯದ ಬಡಿತ ಏರಿಸುತ್ತದೆ. ಮುಹೂರ್ತದ ಹೊತ್ತಿಗೆ ದನದ ಡಾಕ್ಟರನ್ನು ಹುಡುಕುವುದಕ್ಕಿಂತ ಒಬ್ಬರ ಕೈಯಿಂದ ಮಾತ್ರ ಅನ್ನ ಮಜ್ಜಿಗೆ ಹಾಕಿಸುವುದು ಸಲೀಸು. ಆ ಒಬ್ಬರು ಮದುಮಗನಾಗಬಾರದು. ಅವನನ್ನು ಆ ದಿನ ಎಲ್ಲರೂ ಸರಪಳಿ ಹಿಡಿದೇ ಓಡಾಡಿಸುತ್ತಿರುತ್ತಾರೆ.

ಮುಧೋಳದ ನಾಯಿ ಸಾಕಿದವರಿಗೆ ಇನ್ನೊಂದು ಪೀಕಲಾಟ. ಮುಧೋಳದ ಘೋರ್ಪಡೆ ಅರಸರು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ತಳಿ ಇದು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು, ಸೈನ್ಯವೂ ಕರೆದುಕೊಂಡಿತು. ಆದರೆ ಓಟಕ್ಕೇ ಹುಟ್ಟಿದ ಮೈಯಾದ್ದರಿಂದ ಎಷ್ಟು ತಿಂದರೂ ಪಕ್ಕೆಲುಬು ಕಾಣುತ್ತದೆ. ಅದಕ್ಕೆ ಜರಿಯ ಶಾಲು ಹೊದಿಸಿ ಹಂದರದ ಬಾಗಿಲಲ್ಲಿ ನಿಲ್ಲಿಸಿದರೆ ಹೆಣ್ಣಿನ ಕಡೆಯವರ ಕಣ್ಣು ಹೋಗುವುದು ಶಾಲಿನ ಮೇಲಲ್ಲ. "ನಾಯಿಗೆ ಕೂಳ ಹಾಕೂದಿಲ್ಲೇನ್ರಿ ಇವರು?" ಎಂದು ಶುರುವಾಗುವ ಮಾತು ಸಂಜೆಯೊಳಗೆ "ನಮ್ಮ ಮಗಳಿಗರ ಹಾಕತಾರೋ ಇಲ್ಲೋ" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಸಿನಿಮಾದವರಿಗೆ ಈ ಯಾವ ತಾಪತ್ರಯವೂ ಇಲ್ಲ. 2024ರ ಡಿಸೆಂಬರಿನಲ್ಲಿ ಗೋವೆಯಲ್ಲಿ ಮದುವೆಯಾದ ನಟಿ ಕೀರ್ತಿ ಸುರೇಶ್ ಫೋಟೊಗಳಿಗೆ ಹಾಕಿದ ಹ್ಯಾಷ್‌ಟ್ಯಾಗ್‌ನಲ್ಲೇ ತಮ್ಮ ನಾಯಿ ನೈಕಿಯ ಹೆಸರಿತ್ತು. ಅದಕ್ಕೂ ಎರಡು ವರ್ಷ ಮೊದಲು, 2022ರ ಜೂನ್‌ನಲ್ಲಿ ತೆರೆಗೆ ಬಂದ '777 ಚಾರ್ಲಿ' ನೋಡಿ ಅತ್ತವರು ಉತ್ತರ ಕರ್ನಾಟಕದಲ್ಲೂ ಕಡಿಮೆಯಿಲ್ಲ. ನಾಯಿಯನ್ನು "ನಮ್ಮ ಮನಿ ಮಂದಿ" ಅನ್ನುವ ಮಾತಿಗೆ ಹಳ್ಳಿಯ ಹುಡುಗರಿಗೆ ಧೈರ್ಯ ಬಂದದ್ದರಲ್ಲಿ ಆ ಚಿತ್ರದ ಪಾಲೂ ಇರಬೇಕು.

ಕಾಯ್ದೆಗೆ ಮಾತ್ರ ಮನಿ ಮಂದಿ ಎಂಬ ಮಾತು ಸಾಲದು. ಅಮೆರಿಕದ ಕೊಲರಾಡೊದಲ್ಲಿ ಜೋಡಿಗಳು ಮದುವೆಯ ಕಾಗದದ ಮೇಲೆ ನಾಯಿಯ ಪಂಜದ ಗುರುತು ಒತ್ತಿಸುತ್ತಾರೆ. ಅಲ್ಲಿ ಗಂಡು ಹೆಣ್ಣು ತಾವೇ ತಮ್ಮ ಮದುವೆ ಮಾಡಿಕೊಳ್ಳಬಹುದು, ಸಾಕ್ಷಿಯ ಕಟ್ಟುಪಾಡಿಲ್ಲ. ನಮ್ಮ 1954ರ ವಿಶೇಷ ವಿವಾಹ ಕಾಯ್ದೆ ಮೂವರು ಸಾಕ್ಷಿ ಕೇಳುತ್ತದೆ, ಮೂವರೂ ಸಹಿ ಮಾಡಬೇಕು. ನಾಯಿ ಹೆಬ್ಬೆಟ್ಟು ಒತ್ತಲು ಸಿದ್ಧವಿದ್ದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲು ಕೇಳುವುದು ಆಧಾರ್ ಕಾರ್ಡ್.

ನಿಜ ಹೇಳಬೇಕೆಂದರೆ ನಾಯಿಗೆ ಒಪ್ಪುವ ಶಾಸ್ತ್ರ ಇಡೀ ಮದುವೆಯಲ್ಲಿ ಒಂದೇ, ಹಿಂದಿನ ದಿನದ ಅರಿಶಿಣ. ಮನೆಯದೇ ಅಂಗಳ, ಗುರುತಿನದೇ ಮಂದಿ, ಡಿಜೆ ಇನ್ನೂ ಬಂದಿಲ್ಲ, ಮದುಮಗನ ಮೈಯಲ್ಲಿ ಹಳೆಯ ವಾಸನೆ ಇನ್ನೂ ಉಳಿದಿದೆ. ಅಕ್ಕ ತಂಗಿಯರು ಅವನ ಗಲ್ಲಕ್ಕೆ ಹಚ್ಚಿದ್ದರಲ್ಲಿ ಒಂದು ಬೊಟ್ಟು ನಾಯಿಯ ಹಣೆಗೂ ಹೋದರೆ ಅದು ನೆಕ್ಕಲು ನೋಡಿ, ನಾಲಿಗೆ ನಿಲುಕದೆ, ತಲೆ ಕೊಡವಿ, ಪಕ್ಕದಲ್ಲಿ ಕೂತ ಅತ್ತೆಯ ಇಳಕಲ್ ಸೀರೆಗೆ ಒರೆಸುತ್ತದೆ. ಫೋಟೊ ತೆಗೆಯುವವನು ಕಾಯಬೇಕಾದ ಗಳಿಗೆ ಅದು.

ಹೆಣ್ಣಿನ ಮನೆಯ ನಾಯಿ ಅವಳ ಜೊತೆಯೇ ಹೊರಟು ನಿಂತರೆ ಕಥೆ ಮುಂದುವರಿಯುತ್ತದೆ. ಗಂಡನ ಮನೆಯ ಹೊಸ್ತಿಲಲ್ಲಿ ಮದುಮಗಳು ಅಕ್ಕಿಯ ಸೇರು ಒದ್ದು ಒಳಗೆ ಬಂದರೆ ಮುಗಿಯಿತು. ಬೀಗರ ನಾಯಿಗೆ ಪರೀಕ್ಷೆ ನಡೆಸುವವು ಓಣಿಯ ನಾಯಿಗಳು, ಅವು ಊರ ಗಡಿಯಿಂದಲೇ ದಿಬ್ಬಣದ ಕ್ರೂಸರ್ ಗಾಡಿಯ ಹಿಂದೆ ಬಿದ್ದಿರುತ್ತವೆ.

ಬಾಡಿಗೆಗೆ ಕ್ರೂಸರ್ ಸಿಗದಿದ್ದರೆ ಸರ್ಕಾರಿ ಬಸ್ಸಿದೆ. ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಾಯಿಗೂ ದೊಡ್ಡವರ ಟಿಕೆಟ್ ತೆಗೆಯಬೇಕಿತ್ತು, 2022ರ ಕೊನೆಗೆ ಅದನ್ನು ಅರ್ಧಕ್ಕೆ ಇಳಿಸಿದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ನಾಯಿ ಹೆಣ್ಣಾದರೂ ಶಕ್ತಿ ಅನ್ವಯಿಸುವುದಿಲ್ಲ. ಅದೇ ಲೆಕ್ಕದಲ್ಲಿ ಹೊಸ ಜೋಡಿ ನಾಯಿ ಸಮೇತ ಬಸ್ ಹತ್ತಿತೆನ್ನಿ. ಕಂಡಕ್ಟರ್ ಮದುಮಗಳಿಗೆ ಸೊನ್ನೆ ರೂಪಾಯಿ ಚೀಟಿ ಹರಿದು, ನಾಯಿಗೆ ಅರ್ಧ ಟಿಕೆಟ್ ಕೊಟ್ಟು, ಬಾಸಿಂಗದ ಗೆರೆ ಇನ್ನೂ ಹಣೆಯಿಂದ ಮಾಸದ ಮದುಮಗನ ಕಡೆ ತಿರುಗುತ್ತಾನೆ.

"ನಿಮ್ಮದ ಪೂರಾ ರೊಕ್ಕ ಕೊಡ್ರಿ. ಚಿಲ್ಲರ ಇರಲಿ."