ರೇಟಿನಾಗೆಲ್ಲಾ ಐತೆ

12,000 ರೂಪಾಯಿಯ ಮೊಳಕಾಲ್ಮೂರು ಸೀರೆಗೆ ಚಕಾರ ಎತ್ತದೆ ಒಪ್ಪಿದ ಬೆಂಗಳೂರಿನ ಅಕ್ಕ, ಅದರ ಕೆಳಗಿದ್ದ ‘ಶಿಪ್ಪಿಂಗ್ 120’ ಕಂಡದ್ದೇ ತಡ, ಟೈಪಿಂಗ್ ಬಿಟ್ಟು ವಾಯ್ಸ್ ಮೆಸೇಜಿಗೆ ಇಳಿದರು. “ಏನ್ರೀ ಇದು, ಇಷ್ಟು ದೊಡ್ಡ ಅಮೌಂಟ್ ಕೊಟ್ಟು ತಗೊಳ್ತಿದೀವಿ, ನೂರಿಪ್ಪತ್ತು ರೂಪಾಯಿಗೂ ಲೆಕ್ಕ ಹಾಕ್ತೀರಲ್ಲ!” ಲೆಕ್ಕ ಹಾಕುತ್ತಿದ್ದವರು ನಾವಿಬ್ಬರೂ ಎಂಬುದನ್ನು ನಾನು ಹೇಳಲಿಲ್ಲ. ಗಿರಾಕಿಗೆ ಹೇಳಬಾರದ ಸತ್ಯಗಳಲ್ಲಿ ಅದೂ ಒಂದು.

ಚಳ್ಳಕೆರೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಗೋಡೌನು, ಕಸ್ಟಮರ್ ಕೇರು. ಮಾರುವುದು ಎರಡೇ ಸರಕು: ನಮ್ಮೂರ ಕರಿ ಕಂಬಳಿ, ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆ. ಸೀರೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಮಡಿಸಿದರೆ ಒಂದು ಪುಸ್ತಕದಷ್ಟು ಜಾಗ, ಸಾಗಿಸಲು ಸಲೀಸು. ಕಂಬಳಿಯದು ತದ್ವಿರುದ್ಧ ಜಾತಕ. ಆದರೆ ಶಿಪ್ಪಿಂಗ್ ವಿಷಯದಲ್ಲಿ ಎರಡರ ಗಿರಾಕಿಗಳಿಗೂ ಒಂದೇ ಗೋತ್ರ.

ಈ ಗಿರಾಕಿಗಳು ಜಿಪುಣರೆಂದು ಮೊದಮೊದಲು ನಮ್ಮ ಮನೆಯಾಕೆ ಸಾರಾಸಗಟು ತೀರ್ಪು ಕೊಡುತ್ತಿದ್ದಳು. ನನಗೆ ಹಾಗನ್ನಿಸುವುದಿಲ್ಲ. ಮೊಳಕಾಲ್ಮೂರಿನಲ್ಲಿ ನೇಕಾರರ ಮನೆಗೆ ಹೋಗಿ ಸೀರೆ ಕೊಳ್ಳುವ ಕ್ರಮ ನೋಡಿ. ಚಾಪೆ ಹಾಸುತ್ತಾರೆ. ಸೀರೆಯ ಮೇಲೆ ಸೀರೆ ಬಿಚ್ಚುತ್ತಾರೆ. ರೇಟು ಹೇಳುತ್ತಾರೆ. ಗಿರಾಕಿ “ಅಯ್ಯಯ್ಯೋ” ಅಂತ ಎದೆ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ, ಎದ್ದು ಚಪ್ಪಲಿ ಮೆಟ್ಟುತ್ತಾಳೆ, ಹೊಸಿಲು ದಾಟುವಷ್ಟರಲ್ಲಿ ಒಳಗಿನಿಂದ “ಬಾರಮ್ಮ ಇಲ್ಲಿ, ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ” ಎಂಬ ಕರೆ ಬರುತ್ತದೆ. ಆನ್‌ಲೈನಿನಲ್ಲಿ ಎದ್ದು ಹೋಗುವುದಕ್ಕೆ ಹೊಸಿಲೇ ಇಲ್ಲ. ರೇಟು ಅಚ್ಚಾಗಿ ಕೂತುಬಿಟ್ಟಿರುತ್ತದೆ. ಚೌಕಾಸಿ ಮಾಡಿ ಮಾಡಿ ಪಳಗಿದ ನಾಲಿಗೆ ಎಲ್ಲಿಗೆ ಹೋಗಬೇಕು? ಪರದೆಯ ಮೇಲೆಲ್ಲ ಹುಡುಕಿ, ಕೊನೆಗೆ ತುಸು ಅಲುಗಾಡುವಂತೆ ಕಾಣುವ ಒಂದೇ ಒಂದು ಕಲ್ಲಿಗೆ ಹೋಗಿ ಕೈಹಾಕುತ್ತದೆ. ಅದೇ ಶಿಪ್ಪಿಂಗು.

ಇನ್ನೊಂದು ಕಾರಣ ಕೊಸರು. ನಮ್ಮ ಸಂತೆಯಲ್ಲಿ ಶೇಂಗಾ ಅಳೆಯುವವನು ಸೇರಿನ ಮೇಲೆ ಗೋಪುರ ಕಟ್ಟಿ ಚೀಲಕ್ಕೆ ಸುರಿದ ಮೇಲೂ ಚೀಲದ ಬಾಯಿ ಮುಚ್ಚುವುದಿಲ್ಲ. ಅಗಲಿಸಿ ಹಿಡಿದುಕೊಂಡು ನಿಲ್ಲುತ್ತೇವೆ. ಅವನು ಇನ್ನೊಂದು ಹಿಡಿ ಹಾಕಬೇಕು. ಹಾಕುವವರೆಗೆ ವ್ಯಾಪಾರ ಮುಗಿದಿಲ್ಲ. ಎಣ್ಣೆ ಗಿರಣಿಗಳ ಊರಿನಲ್ಲಿ ಹುಟ್ಟಿ, ಶೇಂಗಾಕ್ಕೆ ಕೊಸರು ಕೇಳದವನನ್ನು ಕಂಡರೆ ವ್ಯಾಪಾರಿಗೇ ಗುಮಾನಿ. ಅಂಥ ಗಿರಾಕಿಗೆ ಆನ್‌ಲೈನು ಏನು ಮಾಡುತ್ತದೆ? ಕೊಸರು ಹಾಕಬೇಕಾದ ಹೊತ್ತಿನಲ್ಲಿ, ಚೀಲದಿಂದಲೇ ಒಂದು ಹಿಡಿ ವಾಪಸ್ ತೆಗೆದುಕೊಂಡು ಅದಕ್ಕೆ ಶಿಪ್ಪಿಂಗ್ ಎನ್ನುತ್ತದೆ. ಸಿಟ್ಟು ಬರದೆ ಇನ್ನೇನು?

ಹಾಗಂತ ಆ ಹಿಡಿ ನನ್ನ ಜೇಬಿಗೇನೂ ಬರುವುದಿಲ್ಲ. ಕಂಬಳಿಯ ವಿಷಯಕ್ಕೇ ಬನ್ನಿ. ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಹೊಸ ಕಂಬಳಿ ತಗಡಿನ ಹಾಗೆ ಸೆಟೆದುಕೊಂಡಿರುತ್ತದೆ. ತೂಕ ಎರಡೂವರೆ ಕಿಲೋ. ಆದರೆ ಕೊರಿಯರ್‌ನವರ ಹತ್ತಿರ ಎರಡು ತಕ್ಕಡಿ: ಒಂದು ಕಬ್ಬಿಣದ್ದು, ಇನ್ನೊಂದು ಟೇಪಿನದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ವಾಲ್ಯೂಮೆಟ್ರಿಕ್ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಡಬ್ಬಿಯ ಅಳತೆ 50, 40, 20. ಗುಣಿಸಿದರೆ 40,000, ಭಾಗಿಸಿದರೆ 8. ಎರಡೂವರೆ ಕಿಲೋದ ಕಂಬಳಿ ಕೌಂಟರ್ ದಾಟುವಷ್ಟರಲ್ಲಿ ಎಂಟು ಕಿಲೋಗೆ ಮೈತುಂಬಿಕೊಂಡಿರುತ್ತದೆ. ನಡುವಿನ ಐದೂವರೆ ಕಿಲೋ ಬರೀ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಫ್ಯಾನು ನೆಟ್ಟು ಗಾಳಿಯಿಂದ ದುಡ್ಡು ಮಾಡಿದವರನ್ನು ನೋಡಿದ್ದೆ. ಗಾಳಿಯನ್ನೇ ತೂಗಿ ದುಡ್ಡು ಮಾಡುವವರನ್ನು ಕಂಡದ್ದು ಈ ವ್ಯಾಪಾರಕ್ಕೆ ಬಂದ ಮೇಲೆ.

ಗಾಳಿ ಬಿಡಿಸುವ ಕೆಲಸ ಮನೆಯಾಕೆಯದು. ಕಂಬಳಿಯನ್ನು ಉದ್ದಕ್ಕೆ ಮಡಚಿ, ಸುತ್ತುತ್ತ ಸುತ್ತುತ್ತ ಮಂಡಿ ಊರಿ ಅದುಮಿ, ಗೋಣಿದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬಿಗಿಯುತ್ತಾಳೆ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಮಾತಾಡಿಸಬಾರದು. ಅವಳು ಮನಸ್ಸಿನಲ್ಲಿ ಯಾವ ಗಿರಾಕಿಯನ್ನು ಕಟ್ಟುತ್ತಿರುತ್ತಾಳೋ ಹೇಳಲು ಬರುವುದಿಲ್ಲ. 40, 30, 15ಕ್ಕೆ ಇಳಿಯುತ್ತದೆ. ಅಂದರೆ 3.6 ಕಿಲೋ. ಹೀಗೆ ಉಳಿಸಿದ ದುಡ್ಡನ್ನು ಗಿರಾಕಿಗೇ ಬಿಟ್ಟರೂ ಹುಬ್ಬಳ್ಳಿಯ ಬ್ರದರ್ ಒಬ್ಬರು ಪಾರ್ಸೆಲ್ ಬಿಚ್ಚುವ ವಿಡಿಯೋ ಕಳಿಸಿದರು. ದಾರ ಕತ್ತರಿಸಿದೊಡನೆ ಕಂಬಳಿ ಛಂಗನೆ ನೆಗೆದು ಅವರ ಕಾಫಿ ಲೋಟ ಉರುಳಿಸಿತ್ತು. ಕೆಳಗೆ ಬರೆದಿದ್ದರು: “ಶಿಪ್ಪಿಂಗ್ ತಗೊಂಡಿದೀರಿ, ಪ್ಯಾಕಿಂಗ್ ಸರಿ ಮಾಡಿಲ್ಲ.”

ಇನ್ನು ಭೂಗೋಳದ ಜಗಳ. ಮೊಳಕಾಲ್ಮೂರಿನಿಂದ ರಾಯದುರ್ಗಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಆದರೆ ಅದು ಆಂಧ್ರ. ನನ್ನ ಕೊರಿಯರ್‌ನವರ ಪಟ್ಟಿಯಲ್ಲಿ ಹೊರರಾಜ್ಯದ ರೇಟು. ನಾಡಿನ ಇನ್ನೊಂದು ತುದಿಯ ಬೀದರಿಗೆ ಅದಕ್ಕಿಂತ ಕಡಿಮೆ. ರಾಯದುರ್ಗದ ಗಿರಾಕಿಗೆ ಇದನ್ನು ವಿವರಿಸುವುದು ಯಾರಿಂದ ಸಾಧ್ಯ? “ಅಣ್ಣಾ, ನಮ್ಮ ಮಾಳಿಗೆ ಹತ್ತಿದ್ರೆ ನಿಮ್ಮ ಕಡೆ ಗುಡ್ಡ ಕಾಣ್ತೈತೆ, ನೀನು ನೋಡಿದ್ರೆ ಡೆಲ್ಲಿ ರೇಟು ಹೇಳ್ತೀಯ!” ಎಂದು ಅವರು ತಾವೇ ಬಂದರು. ಬಂದವರು ಟೀ ಕುಡಿದು, ಇನ್ನೂ ಎರಡು ಸೀರೆ ಬಿಡಿಸಿ ನೋಡಿ, ಬುಕ್ ಮಾಡಿದ್ದನ್ನು ಬಿಟ್ಟು ಬೇರೆಯದನ್ನು ಚೌಕಾಸಿ ಮಾಡಿ ಒಯ್ದರು. ಎಷ್ಟು ಖುಷಿಯಾಗಿದ್ದರೆಂದರೆ, ಬಸ್ ಚಾರ್ಜು ಶಿಪ್ಪಿಂಗಿಗೆ ಸಮವಾಯಿತೆಂಬುದನ್ನು ಎತ್ತುವ ಧೈರ್ಯ ನನಗಾಗಲಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲಂತೂ ಬಳ್ಳಾರಿ, ಹಿರಿಯೂರು, ದಾವಣಗೆರೆಯ ಅಕ್ಕಂದಿರು ಶಿಪ್ಪಿಂಗಿಗೆ ಸೊಪ್ಪೇ ಹಾಕುವುದಿಲ್ಲ. “ಬಸ್ ಫ್ರೀ ಐತಲ್ಲಣ್ಣ, ನಾನೇ ಬರ್ತೀನಿ. ಹಂಗೇ ನಾಯಕನಹಟ್ಟಿಗೂ ಹೋಗಿ ತಿಪ್ಪೇಸ್ವಾಮಿಗೆ ಕಾಯಿ ಒಡೆಸಿಕಂಡು ಬಂದಂಗಾಯ್ತು.” ಬರಲಾಗದವರದು ಇನ್ನೊಂದು ಸೂತ್ರ: “ಬಸ್ಸಿಗೆ ಹಾಕಿ.” ಇದು ನಮ್ಮ ಸೀಮೆಯ ಅಸಲಿ ಕೊರಿಯರ್ ಸರ್ವಿಸ್ಸು. ಚೀಟಿ, ಟ್ರ್ಯಾಕಿಂಗು ಏನೂ ಇಲ್ಲ. ಡ್ರೈವರಣ್ಣನ ಸೀಟಿನ ಹಿಂದೆ ಪೊಟ್ಟಣ, ಗಿರಾಕಿಯ ಮೊಬೈಲಿಗೆ ಬಸ್ ನಂಬರು. ನಾನಂತೂ ಅದಕ್ಕೆ ಈಗಲೂ ಅರ್ಧ ಮನಸ್ಸಿನಿಂದ ಒಪ್ಪುತ್ತೇನೆ. ಸೀರೆ ಕಳಿಸಿದ ರಾತ್ರಿ ನಿದ್ದೆ ಬರುವುದು ಬಸ್ಸು ಊರು ಸೇರಿದ ಮೇಲೆಯೇ.

ಇಂಥ ದೂರುಗಳಿಗೆ ಉತ್ತರ ಬರೆಯುವುದನ್ನು ನಾನು ಕಲಿತದ್ದು ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಿಂದಲೂ ಅಲ್ಲ, ಅಶೋಕನಿಂದ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಶಾಸನವಿದೆಯಲ್ಲ, ಅದು ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದು. ರಾಜಾಜ್ಞೆಯಾದರೂ ನೇರ ಆಜ್ಞೆಗೆ ಇಳಿಯುವುದಿಲ್ಲ. ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ, ಆಮೇಲೆ ವಿಷಯ. ನಾನೂ ಹಾಗೆಯೇ. “ಶಿಪ್ಪಿಂಗ್ ಜಾಸ್ತಿ ಆಯ್ತು” ಎಂದು ಕೆಂಡ ಕಾರಿದವರಿಗೆ “ಚೆನ್ನಾಗಿದೀರಾ ಮೇಡಂ? ನಿಮ್ಮ ಕಡೆ ಮಳೆ ಹೆಂಗೈತೆ?” ಎಂದು ಕೇಳುತ್ತೇನೆ. ಅರ್ಧ ಸಿಟ್ಟು ಮಳೆಗೆ ತಿರುಗುತ್ತದೆ. ಆ ಶಾಸನದ ಕೊನೆಯಲ್ಲಿ ಬರೆದವನು ಚಪಡ ಎಂದು ತನ್ನ ಹೆಸರು ಹಾಕಿ, ‘ಲಿಪಿಕಾರ’ ಎಂಬುದನ್ನು ಮಾತ್ರ ಇಲ್ಲಿ ಯಾರಿಗೂ ಓದಲು ಬಾರದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಡೆಲಿವರಿ ಹುಡುಗರ ಸಹಿಯ ಮೂಲಪುರುಷ ಅವನೇ ಇರಬೇಕು.

ಹಿಂದೆ ಪತ್ರಿಕೆಗಳ ಪುಸ್ತಕದ ಜಾಹೀರಾತಿನಲ್ಲಿ ‘ಅಂಚೆ ವೆಚ್ಚ ಪ್ರತ್ಯೇಕ’ ಎಂದಿರುತ್ತಿತ್ತು. ಯಾರೂ ತಕರಾರು ತೆಗೆದದ್ದು ಕಾಣೆ. 1877ರಲ್ಲೇ ಶುರುವಾದ ವಿ.ಪಿ.ಪಿ.ಯಲ್ಲಿ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದಾಗ ದುಡ್ಡೆಣಿಸಿ ಕೊಟ್ಟು ಬಿಡಿಸಿಕೊಳ್ಳುವುದೇ ಒಂದು ಮರ್ಯಾದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಆ ಶಿಪ್ಪಿಂಗನ್ನು ಅವರ ಕಾಲುಗಳೇ ಕಟ್ಟಿದವು. ಫ್ರಾನ್ಸಿನವರು ಸಣ್ಣ ಪುಸ್ತಕದಂಗಡಿ ಉಳಿಯಲೆಂದು 2014ರಲ್ಲಿ, ಆನ್‌ಲೈನಿನವರು ಪುಸ್ತಕವನ್ನು ಪುಕ್ಕಟೆ ಕಳಿಸಕೂಡದೆಂದು ಕಾನೂನು ತಂದರು. ಅಮೆಜಾನ್ ಮರುಮಾತಿಲ್ಲದೆ ಒಪ್ಪಿ ಶಿಪ್ಪಿಂಗಿಗೆ ಒಂದು ಸೆಂಟ್ ವಸೂಲು ಮಾಡತೊಡಗಿತು. ಕೊನೆಗೆ 2023ರಲ್ಲಿ ಸರ್ಕಾರ, 35 ಯೂರೋದ ಒಳಗಿನ ಪುಸ್ತಕದ ಆರ್ಡರಿಗೆ ಕನಿಷ್ಠ 3 ಯೂರೋ ಎಂದು ಕಟ್ಟುಮಾಡಬೇಕಾಯಿತು. ಚೌಕಾಸಿಯಲ್ಲಿ ಸರ್ಕಾರಗಳೂ ನಮ್ಮ ಶೇಂಗಾ ವ್ಯಾಪಾರಿಯ ಹತ್ತಿರ ಟ್ರೈನಿಂಗ್ ತೆಗೆದುಕೊಳ್ಳಬೇಕು.

ನ್ಯೂಜೆರ್ಸಿಯ ಕನ್ನಡಿಗರೊಬ್ಬರು ಅಪ್ಪನ ನೆನಪಿಗೆ ಕಂಬಳಿ ಕೇಳಿದ್ದೂ ಉಂಟು. ಕಂಬಳಿಗಿಂತ ಅದರ ವಿಮಾನದ ಟಿಕೆಟ್ಟೇ ಹೆಚ್ಚಾಗಿತ್ತು. ಪಾಪ, ಅವರೊಬ್ಬರೇ ಶಿಪ್ಪಿಂಗ್ ಬಗ್ಗೆ ಉಸಿರೆತ್ತಲಿಲ್ಲ. ಕಂಬಳಿಯ ರೇಟಿನಲ್ಲಿ ಚೌಕಾಸಿ ಮಾಡಿದರು.

ಕಡೆಗೆ ಮನೆಯಾಕೆಯೇ ದಾರಿ ತೋರಿಸಿದಳು. ನಮ್ಮ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳ ಮೇಲೆ ಬರೆದ ‘ಯೇಗ್ದಾಗೆಲ್ಲಾ ಐತೆ’ ಅವಳ ತಲೆದಿಂಬಿನ ಪುಸ್ತಕ. “ಎಲ್ಲಾನೂ ರೇಟಿನಾಗೇ ಹಾಕ್ರಿ. ಕೇಳಿದೋರಿಗೆ ‘ರೇಟಿನಾಗೆಲ್ಲಾ ಐತೆ’ ಅಂದುಬಿಡಿ” ಎಂದಳು. ವಿಚಿತ್ರವೆಂದರೆ ಜಿಎಸ್‌ಟಿ ಕಾನೂನಿನದೂ ಇದೇ ಅಧ್ಯಾತ್ಮ. ಸರಕು, ಪ್ಯಾಕಿಂಗು, ಸಾಗಣೆ, ವಿಮೆ ಒಟ್ಟಿಗೆ ಹೋದರೆ ಅವೆಲ್ಲ ಒಂದೇ ಪೂರೈಕೆ, ಸರಕೇ ಅದರ ಯಜಮಾನ ಎನ್ನುತ್ತದೆ ಅದು. ಕಂಬಳಿಯ ರೇಟು 200 ರೂಪಾಯಿ ಏರಿಸಿ, ಪಕ್ಕದಲ್ಲಿ ‘ಶಿಪ್ಪಿಂಗ್ ಫ್ರೀ’ ಎಂದು ಹಾಕಿದೆವು. ದೂರುಗಳು ನಿಂತವು. ರೇಟು ಏರಿದ್ದನ್ನು ಯಾರೂ ಎತ್ತಲಿಲ್ಲ. ಅಷ್ಟೇ ಅಲ್ಲ, “ಫ್ರೀ ಕೊಟ್ಟಿದ್ದಕ್ಕೆ ಥ್ಯಾಂಕ್ಸ್” ಎಂದು ಕೈಮುಗಿಯುವ ಗೊಂಬೆಗಳೂ ಬಂದವು. ಅವನ್ನು ನೋಡಿದಾಗಲೆಲ್ಲ ನನಗೆ ಒಂಥರಾ ಮುಜುಗರ. ಮನೆಯಾಕೆಗೆ ಅದೇನಿಲ್ಲ.

ಹೀಗೆ ಸುಖವಾಗಿದ್ದಾಗ ಒಂದು ಬೆಳಿಗ್ಗೆ ಹಿಂದಿನ ಬೀದಿಯ ಯಜಮಾನರು ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದರು. ಕಂಬಳಿ ಆರಿಸಿದರು, ಮೂಸಿದರು, ಎಳೆ ಕಿತ್ತು ನೋಡಿದರು. ಆಮೇಲೆ ಪರದೆ ನನ್ನ ಮುಖಕ್ಕೆ ಹಿಡಿದು ಕೇಳಿದರು.

“ಇದ್ರಾಗೆ ಶಿಪ್ಪಿಂಗೂ ಸೇರೈತಾ?”

“ಹೌದು ಯಜಮಾನ್ರೆ, ರೇಟಿನಾಗೆಲ್ಲಾ ಐತೆ.”

“ನಾನು ನಡ್ಕಂಡು ಬಂದೀನಲ್ಲಪ್ಪ. ಶಿಪ್ಪಿಂಗ್ ದುಡ್ಡು ಮುರ್ಕಾ.”

ನಾನು ಬಾಯಿ ತೆರೆಯುವ ಮೊದಲೇ ಮನೆಯಾಕೆ ಒಳಗಿನಿಂದ 200 ರೂಪಾಯಿ ತಂದು ಅವರ ಕೈಗಿಟ್ಟಳು. ಅವರು ಎಣಿಸಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಕಂಬಳಿಯನ್ನು ಹೆಗಲಿಗೇರಿಸಿ, ಬಾಗಿಲ ತನಕ ಹೋಗಿ ತಿರುಗಿದರು.

“ಬರೋವಾಗ ಖಾಲಿ ಕೈಲಿ ಬಂದೆ, ನಡೆದೆ. ಈಗ ಇದನ್ನ ಹೊತ್ಕಂಡು ಹೋಗ್ಬೇಕಲ್ಲ ತಾಯಿ, ಆಟೋದು ನೀವೇ ಕೊಡ್ತೀರಾ ಹೆಂಗೆ?”